ಕಾರಿನಲ್ಲಿ ಪಿ0016 ಅನ್ನೋ ಎಂಜಿನ್ ದೋಷದ ಕೋಡ್ ಬಂದಿದೆ, ಗ್ಯಾರೇಜಿನವರು ಟೈಮಿಂಗ್ ಚೈನ್ ಕಿಟ್ ಬದಲಿಸಿ ಅಂತಿದ್ದಾರೆ. ನಂಬಬಹುದಾ?

ಬರೀ ಕೋಡ್ ನೋಡಿ ಹೇಳಿದ್ದರೆ ಬೇಡ. ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್; ಇವೆರಡನ್ನೂ ಜೋಡಿಸುವುದು ಟೈಮಿಂಗ್ ಚೈನ್. ಕ್ರ್ಯಾಂಕ್ ಸೆನ್ಸರ್ ಮತ್ತು ಕ್ಯಾಮ್ ಸೆನ್ಸರ್ ಕೊಡುತ್ತಿರುವ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಪಿ0016 ಹೇಳುವುದು ಇಷ್ಟೇ, ಕಾರಣ ಹೇಳುವುದಿಲ್ಲ.

ಮೊದಲು ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಇರುವ ಹೆಚ್ಚಿನ ಎಂಜಿನ್‌ಗಳಲ್ಲಿ ಕ್ಯಾಮ್‌ನ ಕೋನ ಬದಲಾಗುವುದು ಆಯಿಲ್ ಒತ್ತಡದಿಂದಲೇ. ಆಯಿಲ್ ಕಡಿಮೆಯಿದ್ದರೆ ಅಥವಾ ಕೆಸರಾಗಿದ್ದರೆ ಅದರ ಕಂಟ್ರೋಲ್ ವಾಲ್ವ್ ಸಿಕ್ಕಿಕೊಂಡು ಇದೇ ಕೋಡ್ ಬರಬಹುದು. ಆ ವಾಲ್ವ್ ಬಿಚ್ಚಿಸಿ, ಸಣ್ಣ ಜಾಲರಿ ಇದ್ದರೆ ಅದರಲ್ಲಿ ಕಪ್ಪು ಗಸಿ ಕೂತಿದೆಯಾ ನೋಡಿ. ಚೈನ್ ಕೆಲಸದ ಮುಂದೆ ಇದು ಏನೂ ಅಲ್ಲ. ಸೆನ್ಸರ್ ವೈರಿಂಗ್ ಕೂಡ ಒಮ್ಮೆ ನೋಡಿಸಿ.

ಚೈನ್ ಸವೆದಿದ್ದರೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದೊಡನೆ ಕೆಲವು ಸೆಕೆಂಡ್ ಗರಗರ ಸದ್ದು ಬರುವುದು ಸಾಮಾನ್ಯ. ಗ್ಯಾರೇಜಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಕವರ್ ಬಿಚ್ಚಿ ಟೈಮಿಂಗ್ ಗುರುತು ನೋಡಿದ್ರಾ?" ಕ್ರ್ಯಾಂಕ್, ಕ್ಯಾಮ್ ಸರಿಯಾಗಿ ಹೊಂದಿಕೊಂಡಿವೆಯಾ ಅಂತ ತೋರಿಸುವ ಗುರುತು ಅದು. ನೋಡಿಲ್ಲ ಅಂದರೆ ಅವರು ಹೇಳಿದ್ದು ಊಹೆ, ಅಲ್ವಾ? ಇನ್ನೊಬ್ಬರ ಹತ್ತಿರ ತೋರಿಸಿ.

ಹಾಗಂತ ಸುಮ್ನೆ ಓಡಿಸುತ್ತಲೂ ಇರಬೇಡಿ. ಸದ್ದು ಇದ್ದರೆ ಗಾಡಿ ನಿಲ್ಲಿಸಿ. ಚೈನ್ ತನ್ನ ಚಕ್ರದ ಹಲ್ಲು ಬಿಟ್ಟು ಜಿಗಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ಆಗಿನ ಖರ್ಚು ಚೈನ್ ಕಿಟ್‌ಗಿಂತ ಎಷ್ಟೋ ಜಾಸ್ತಿ.