ಉಡುಪಿಯ ಸುತ್ತಮುತ್ತ ಅವಸರವಿಲ್ಲದೆ ಸೈಕಲ್ ತುಳಿಯಲು ಯಾವ ದಾರಿ ಒಳ್ಳೆಯದು?

ಕೆಲಸದ ಮೇಲೆ ಮಣಿಪಾಲಕ್ಕೆ ಬಂದಿದ್ದೀರಿ, ವಯಸ್ಸು ನಲವತ್ತು ದಾಟಿದೆ, ಹೊಸದಾಗಿ ಗೇರ್ ಸೈಕಲ್ ಕೊಂಡಿದ್ದೀರಿ. ಕಚೇರಿಯ ಗೆಳೆಯರು ಭಾನುವಾರ ನಸುಕಿನಲ್ಲೇ ಎದ್ದು ನೂರು ಕಿಲೋಮೀಟರ್ ತುಳಿದು ಬರುತ್ತಾರೆ, ಅದು ನಿಮ್ಮಿಂದಾಗದು. ಒಂಟಿಯಾಗಿ, ನಿಧಾನವಾಗಿ ಹೋಗುವುದರಲ್ಲಿ ಸುಖವೇನಾದರೂ ಇದೆಯೇ, ಇದ್ದರೆ ಯಾವ ದಾರಿಯಲ್ಲಿ ಎಂದು ಕೇಳಿದ್ದೀರಿ.

ಸುಖ ಧಾರಾಳವಾಗಿ ಇದೆ. ನೂರು ಕಿಲೋಮೀಟರಿನವರ ಬಗ್ಗೆ ನನಗೆ ಗೌರವವೇ. ಆದರೆ ಅವರಿಗೆ ದಾರಿಯುದ್ದಕ್ಕೂ ಕಾಣುವುದು ಮುಂದಿನವನ ಹಿಂದಿನ ಚಕ್ರ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಯಾರ ಅಂಗಳದಲ್ಲಿ ಕೊಬ್ಬರಿ ಒಣಗುತ್ತಿದೆ, ಯಾರ ಮನೆಯಲ್ಲಿ ಮೀನಿನ ಸಾರಿಗೆ ಒಗ್ಗರಣೆ ಬಿತ್ತು ಎಲ್ಲವೂ ಗೊತ್ತಾಗುತ್ತದೆ. ಬೇಕೆಂದ ಕಡೆ ಕಾಲು ಊರಿ ನಿಲ್ಲಬಹುದು. ಬೈಕ್ ನಿಲ್ಲಿಸಿ ಬೇಲಿಯಾಚೆ ಇಣುಕುವವನನ್ನು ಜನ ಅನುಮಾನಿಸುತ್ತಾರೆ, ಸೈಕಲಿನವನನ್ನು ಮಾತಾಡಿಸುತ್ತಾರೆ. ಏಕೆಂದು ನನಗೆ ಇಂದಿಗೂ ಬಗೆಹರಿದಿಲ್ಲ.

ದಾರಿಯ ವಿಷಯದಲ್ಲಿ ನನ್ನದು ಒಂದೇ ಸೂತ್ರ: ಯಾರಿಗೂ ಅವಸರವಾಗಿ ಎಲ್ಲಿಗೂ ತಲುಪಲು ಉಪಯೋಗಕ್ಕೆ ಬಾರದ ರಸ್ತೆಯನ್ನು ಹಿಡಿಯಿರಿ. ನಮ್ಮ ಕರಾವಳಿಯಲ್ಲಿ ಅಂಥವು ಬೇಕಾದಷ್ಟಿವೆ, ಅದಕ್ಕೆ ಕಾರಣ ಹೊಳೆಗಳು. ಘಟ್ಟದ ಕಡೆಯಿಂದ ಇಳಿದು ಬಂದ ಹೊಳೆ ಇಲ್ಲಿ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಅಲೆಗಳು ತಂದು ಒಟ್ಟಿದ ಹೊಯಿಗೆಯ, ಅಂದರೆ ಮರಳಿನ, ದಿಬ್ಬ ಅಡ್ಡ ನಿಂತು, ಹೊಳೆ ತಿರುಗಿ ಕಡಲಿಗೆ ಸಮಾನಾಂತರವಾಗಿ ಕಿಲೋಮೀಟರುಗಟ್ಟಲೆ ಹರಿದು, ಆಮೇಲೆ ಎಲ್ಲೋ ಅಳಿವೆ ಮಾಡಿಕೊಳ್ಳುತ್ತದೆ. ಉದ್ಯಾವರ ಹೊಳೆ ಕಡಲಿಗೆ ಕೂಗಳತೆಯಲ್ಲಿ ಬಂದೂ ಉತ್ತರಕ್ಕೆ ಹೊರಳಿ ಮಲ್ಪೆಯಲ್ಲಿ ಸಮುದ್ರ ಸೇರುವುದು ಹೀಗೆಯೇ. ಹೊಳೆಗೂ ಕಡಲಿಗೂ ನಡುವೆ ಉಳಿದ ಸಪೂರ ನೆಲದಲ್ಲಿ ಒಂದೇ ಒಂದು ರಸ್ತೆ, ಎರಡೂ ಬದಿ ತೆಂಗು, ಏರು ಎಂಬುದೇ ಇಲ್ಲ. ದೂರ ಹೋಗುವ ವಾಹನಗಳನ್ನೆಲ್ಲ ರಾಷ್ಟ್ರೀಯ ಹೆದ್ದಾರಿ 66 ನುಂಗಿಕೊಂಡಿದೆ.

ಮೊದಲು ಪಡುಕೆರೆಯ ದಾರಿಗೆ ಹೋಗಿ. ಮಲ್ಪೆಯಿಂದ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಬಲಕ್ಕೆ ಕಡಲು, ಎಡಕ್ಕೆ ಹೊಳೆ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ರಾಶಿ ಕೆಲವು ಕಡೆ ನೋಟಕ್ಕೆ ಅಡ್ಡ ಬರುತ್ತದೆ, ಸದ್ದಿಗೆ ಬರುವುದಿಲ್ಲ. ಮಳೆಗಾಲ ಕಳೆದ ಮೇಲೆ ಅದೃಷ್ಟವಿದ್ದರೆ ಕೈರಂಪಣಿ ನೋಡಲು ಸಿಗುತ್ತದೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದಿರುತ್ತಾರೆ, ದಡದಲ್ಲಿ ಎರಡು ಸಾಲು ಜನ ಎರಡು ತುದಿಯ ಹಗ್ಗ ಎಳೆಯುತ್ತಾರೆ. ಹಗ್ಗ ಒದ್ದೆ, ದಪ್ಪ, ಅಂಗೈ ಸುಲಿಯುವಷ್ಟು ಒರಟು. ಎಳೆಯುವವರು ಹಿಮ್ಮುಖವಾಗಿ ನಡೆಯುತ್ತಾರೆ. ಹಿಂದೆ ಬಂದು ಮುಗಿದವನು ಹಗ್ಗ ಬಿಟ್ಟು ನೀರಂಚಿಗೆ ಹೋಗಿ ಮತ್ತೆ ಹಿಡಿಯುತ್ತಾನೆ. ಎರಡು ಸಾಲೂ ಮೆಲ್ಲನೆ ಹತ್ತಿರವಾಗುತ್ತ ಬರುತ್ತವೆ, ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಬೂತಾಯಿ, ಬಂಗುಡೆ ಪಟಪಟ ಬಡಿದುಕೊಳ್ಳುತ್ತವೆ. ಸುಮ್ಮನೆ ನಿಂತವನನ್ನು ಅವರು ಬಿಡುವುದಿಲ್ಲ. ಹಗ್ಗಕ್ಕೆ ಕೈ ಹಾಕಿದರೆ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು ಕೊಡುವುದೂ ಉಂಟು. ಹ್ಯಾಂಡಲಿಗೆ ಒಂದು ಚೀಲ ಸಿಕ್ಕಿಸಿಕೊಂಡಿರಿ.

ಹಾಗೆಯೇ ಮುಂದುವರಿದರೆ ಮಟ್ಟು. ಗುಳ್ಳದ ಮಟ್ಟು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬದನೆ ಇದು. ಬೀಜ ವಾದಿರಾಜರು ಕೊಟ್ಟದ್ದೆಂದು ಊರಿನ ನಂಬಿಕೆ, ಎರಡು ವರ್ಷಕ್ಕೊಮ್ಮೆ ಉಡುಪಿಯ ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯಕ್ಕೆ ಇಲ್ಲಿಂದ ಗುಳ್ಳದ ಹೊರೆಕಾಣಿಕೆ ಹೋಗುತ್ತದೆ. ಡಿಸೆಂಬರ್ ಕಳೆದ ಮೇಲೆ ಹೋದರೆ ರಸ್ತೆಯ ಬದಿಯ ಗದ್ದೆಯಲ್ಲೇ ಕಾಣುತ್ತದೆ: ತಿಳಿಹಸಿರು ಮೈ, ಮೇಲೆ ಬಿಳಿ ಗೆರೆಗಳು, ದುಂಡನೆಯ ಕಾಯಿ ನೆಲ ಮುಟ್ಟುವಂತೆ ತೂಗುತ್ತಿರುತ್ತದೆ. ತೊಟ್ಟಿನ ಮುಳ್ಳಿಗೆ ಹುಷಾರು. ಕಳೆದ ಬಾರಿ ಒಬ್ಬ ಅಜ್ಜಿ ನನ್ನನ್ನೂ ಸೈಕಲನ್ನೂ ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ಬಂದದ್ದಾ ಮಾರಾಯರೆ? ಹಾಗಾದರೆ ಎರಡೇ ಕಿಲೋ ಕೊಂಡುಹೋಗಿ, ಹೆಚ್ಚಾದರೆ ಅಪ್ಪಚ್ಚಿಯಾದೀತು" ಎಂದರು. ಮಾರಾಟಕ್ಕೆ ಕುಳಿತವರು ಕಡಿಮೆ ಕೊಳ್ಳಿ ಎನ್ನುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಟ್ಟುವಿನಿಂದ ಕೈಪುಂಜಾಲಿನ ಮೂಲಕ ಕಾಪುವಿಗೂ ಹೋಗಬಹುದು, ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಅದು ಎಲ್ಲರೂ ಬರುವ ಜಾಗವಾದ್ದರಿಂದ ನಾನು ಹೆಚ್ಚಾಗಿ ಮಟ್ಟುವಿನಲ್ಲೇ ತಿರುಗಿಬಿಡುತ್ತೇನೆ.

ಎರಡನೆಯದು ಉತ್ತರದ ದಾರಿ: ಸಂತೆಕಟ್ಟೆ, ಕಲ್ಯಾಣಪುರ, ನೇಜಾರು, ಕೆಮ್ಮಣ್ಣು, ಹೂಡೆ, ಕೊನೆಗೆ ಕೋಡಿ ಬೆಂಗ್ರೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲಿಗೆ ಸೇರುವುದು ಅಲ್ಲಿ. ರಸ್ತೆ ಅಲ್ಲಿಗೆ ಮುಗಿಯುತ್ತದೆ, ಎದುರು ದಡದಲ್ಲಿ ಹಂಗಾರಕಟ್ಟೆ. ಮೊದಲ ಅರ್ಧದಲ್ಲಿ ಬಯಲು ಗದ್ದೆಗಳು. ಜುಲೈಯಲ್ಲಿ ಏಣೆಲಿನ, ಅಂದರೆ ಮಳೆಗಾಲದ ಭತ್ತದ ಬೆಳೆಯ, ನಾಟಿ ನಡೆಯುವಾಗ, ಮಳೆ ಬಿಟ್ಟ ಹೊತ್ತು ನೋಡಿ ಒಮ್ಮೆ ಹೋಗಿ. ನೆನೆಯುವುದಂತೂ ತಪ್ಪದು, ರೇನ್‌ಕೋಟ್ ಹಾಕಿದರೆ ಒಳಗಿನಿಂದ ಬೆವರಿಗೆ ನೆನೆಯುತ್ತೀರಿ, ಅಷ್ಟೇ ವ್ಯತ್ಯಾಸ.

ಗಾಳಿಯ ಲೆಕ್ಕ ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಬೇಸಿಗೆ, ಚಳಿಗಾಲಗಳಲ್ಲಿ ಬೆಳಗಿನ ಹೊತ್ತು ಗಾಳಿ ಹೆಸರಿಗಷ್ಟೇ. ನೆಲ ಕಾದ ಮೇಲೆ ಕಡಲಗಾಳಿ ಎದ್ದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಬೆಳಿಗ್ಗೆ ಬೆಂಗ್ರೆಗೆ ಹೋದವರನ್ನು ಬಿಸಿಲೇರಿದ ಮೇಲೆ ಅದೇ ಮನೆಗೆ ತಳ್ಳುತ್ತದೆ. ಮಟ್ಟುವಿನ ಕಡೆ ಹೋದವರು ಹತ್ತು ಗಂಟೆಯೊಳಗೆ ಹಿಂತಿರುಗದಿದ್ದರೆ ಅದು ಎದೆಗೆ ಬಡಿಯುತ್ತದೆ.

ನಿಮ್ಮ ನಿಜವಾದ ತೊಂದರೆ ಮಣಿಪಾಲ ಗುಡ್ಡದ ಮೇಲಿರುವುದು. ಹೋಗುವಾಗ ಜಾರಿಕೊಂಡು ಹೋಗುತ್ತೀರಿ, ದಣಿದು ಬರುವಾಗ ಏರು ಕಾದಿರುತ್ತದೆ. ಕಾರಿನ ಹಿಂದೆ ಸೈಕಲ್ ಹೇರಿಕೊಂಡು ಮಲ್ಪೆಯವರೆಗೆ ಹೋಗಿ ಅಲ್ಲಿಂದ ಶುರುಮಾಡುವುದು ಒಂದು ಉಪಾಯ. ಇಲ್ಲವಾದರೆ ಇಳಿದು ತಳ್ಳಿ, ಗೇರ್ ಸೈಕಲ್ ತಳ್ಳಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಸೀಟಿನ ಎತ್ತರ ಮಾತ್ರ ಸರಿಮಾಡಿಕೊಳ್ಳಿ: ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮೊಣಕಾಲು ನೋವಿನ ದೂರುಗಳಲ್ಲಿ ಹಲವಕ್ಕೆ ತಗ್ಗು ಸೀಟೇ ಕಾರಣ.

ಮಲ್ಪೆ ಬಂದರಿನ ಹತ್ತಿರ ಮೀನಿನ ಲಾರಿಗಳಿಂದ ಸೋರಿದ ನೀರು ರಸ್ತೆಯಲ್ಲಿರುತ್ತದೆ. ಅದರ ಮೇಲೂ, ಪಡುಕೆರೆಯಲ್ಲಿ ಹೊಯಿಗೆ ಹರಡಿದ ಕಡೆಯೂ ಮುಂದಿನ ಬ್ರೇಕ್ ಹಿಡಿಯಬೇಡಿ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ಸೈಕಲ್ ತೊಳೆದು, ಚೈನ್ ಒರೆಸಿ, ಎಣ್ಣೆ ಬಿಡಿ. ನಾಳೆ ನೋಡೋಣ ಎಂದು ಬಿಟ್ಟರೆ ಉಪ್ಪುಗಾಳಿ ಚೈನಿಗೆ ಕೆಂಪು ಬಳಿದಿರುತ್ತದೆ.

ಭಾನುವಾರ ಸಂಜೆ ಮಾತ್ರ ಬೆಂಗ್ರೆಗೆ ಹೋಗಬೇಡಿ. ಕಡಲು ನೋಡಲು ಬಂದ ಕಾರುಗಳು ಆ ಸಪೂರ ರಸ್ತೆಯಲ್ಲಿ ಎದುರುಬದುರಾಗಿ ನಿಂತು, ಯಾರು ಹಿಂದೆ ಹೋಗಬೇಕೆಂದು ಜಗಳವಾಡುತ್ತಿರುತ್ತವೆ.