ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬಿಟ್ಟ ಮೇಲೆ ಗಿಟಾರಿಸ್ಟ್ ಮಿಕ್ ಟೇಲರ್ ಮಾಡಿದ ಸೋಲೋ ಆಲ್ಬಂ ಕೇಳಬಹುದಾ?

ಕೇಳಬಹುದು. ಆದರೆ ಇನ್ನೊಂದು ಸ್ಟೋನ್ಸ್ ಆಲ್ಬಂ ಅಂದುಕೊಂಡು ಕೂತರೆ ಎರಡನೇ ಹಾಡಿಗೇ ಎದ್ದು ಹೋಗ್ತೀರಿ. ನಾನೂ ಮೊದಲ ಸಲ ಎದ್ದು ಹೋಗಿದ್ದೆ.

ಗಿಟಾರ್ ಕಲಿಯುತ್ತಿದ್ದೀನಿ, ಸ್ಟೋನ್ಸ್‌ನ ಎಪ್ಪತ್ತರ ದಶಕದ ಹಾಡುಗಳಂದ್ರೆ ಪ್ರಾಣ ಅಂತ ಬರೆದಿದ್ದೀರಿ. ಹಾಗಾದರೆ ನಿಮಗೆ ಗೊತ್ತಿಲ್ಲದೆಯೇ ನೀವು ಟೇಲರ್ ಅಭಿಮಾನಿ. 1969ರಲ್ಲಿ ಸ್ಟೋನ್ಸ್ ಗಿಟಾರಿಸ್ಟ್ ಬ್ರಯಾನ್ ಜೋನ್ಸ್ ಜಾಗಕ್ಕೆ ಬಂದಾಗ ಅವನಿಗೆ ಬರೀ 20 ವರ್ಷ. 1974ರ ಕೊನೆಗೆ ಬಿಟ್ಟ. ‘ಸ್ವೇ’ ಹಾಡಿನ ಕೊನೆಯಲ್ಲಿ ಎದ್ದು ಬರುವ ಗಿಟಾರ್ ಅವನದ್ದು. ಹಾಡು ಕಟ್ಟುವುದರಲ್ಲಿ ನನ್ನ ಕೈಯೂ ಇತ್ತು, ಹೆಸರು ಮಾತ್ರ ಬರಲಿಲ್ಲ ಅನ್ನೋ ಬೇಸರವನ್ನು ಅವನೇ ಹೇಳಿಕೊಂಡಿದ್ದಾನೆ. ಸ್ಟೋನ್ಸ್ ಗಾಯಕ ಜಾಗರ್, ಗಿಟಾರಿಸ್ಟ್ ರಿಚರ್ಡ್ಸ್ ಜೊತೆಗೆ ಅವನ ಹೆಸರೂ ಇರುವ ಹಾಡು ‘ವೆಂಟಿಲೇಟರ್ ಬ್ಲೂಸ್’. ಅಷ್ಟೇ ದಕ್ಕಿದ್ದು.

ಸೋಲೋ ಆಲ್ಬಂ ಬಂದಿದ್ದು 1979ರಲ್ಲಿ. ಹೆಸರು ಸುಮ್ನೆ ‘ಮಿಕ್ ಟೇಲರ್’. ಅಷ್ಟೊತ್ತಿಗೆ ಪಂಕ್ ಬಂದಿತ್ತು, ಎಲ್ಲಿ ನೋಡಿದ್ರೂ ಡಿಸ್ಕೋ. ನಿಧಾನವಾಗಿ ಬ್ಲೂಸ್ ನುಡಿಸುವವನನ್ನು ಕೇಳುವ ಪುರುಸೊತ್ತು ಯಾರಿಗಿತ್ತು?

ನನಗೆ ಅದರ ಎಲ್ಪಿ ರೆಕಾರ್ಡ್ ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ. ಹಳೇ ಮಿಕ್ಸಿ ಜಾರು, ಬೀಗದ ಕೈ ಗೊಂಚಲುಗಳ ಪಕ್ಕದಲ್ಲಿ ಬಿದ್ದಿತ್ತು. ಚೌಕಾಸಿ ಮಾಡಿ, ಗೆದ್ದೆ ಅಂತ ಮನೆಗೆ ತಂದು ನೋಡಿದ್ರೆ ಒಳಗೆ ಹರಿಕಥೆ! ಅಪ್ಪನಿಗೆ ಖುಷಿಯೋ ಖುಷಿ. ಮುಂದಿನ ಭಾನುವಾರ ವಾಪಸ್ ಹೋದೆ. ‘ಒಳಗಡೆ ನೋಡ್ಕೊಂಡು ತಗೋಬೇಕು ಸಾರ್’ ಅಂತ ನನಗೇ ಬುದ್ಧಿ ಹೇಳಿ, ಅಂಗಡಿಯವನು ರಾಶಿ ಕೆದಕಿ ಸರಿಯಾದ್ದನ್ನು ತೆಗೆದುಕೊಟ್ಟ. ಅದರಲ್ಲಿನ ‘ಸ್ಲೋ ಬ್ಲೂಸ್’ ಟ್ರ್ಯಾಕ್ ಮೇಲೆ ಒಂದು ಗೀರಿತ್ತು. ಇರಲಿ ಅಂದೆ.

ಅಪ್ಪ ಮಲ್ಲೇಶ್ವರದ ಹಳೇ ಕಛೇರಿ ಪ್ರಿಯರು. ಅವರಿಗೆ ರಾಕ್ ಅಂದ್ರೆ ಗಲಾಟೆ. ಅವತ್ತು ಪೇಪರ್ ಓದ್ತಾ ಕೂತಿದ್ದವರು, ಮೊದಲ ಹಾಡು ‘ಲೆದರ್ ಜಾಕೆಟ್’ ಮುಗಿಯುವಷ್ಟರಲ್ಲಿ ‘ಇವನು ಯಾಕೋ ಹಾಡ್ತಾನೆ?’ ಅಂದರು. ನಿಜ, ಟೇಲರ್ ಗಂಟಲು ಸಾಧಾರಣ. ಶ್ರುತಿ ತಪ್ಪಲ್ಲ, ಆದರೆ ಹಾಡಿನಲ್ಲಿ ಅವನ ವ್ಯಕ್ತಿತ್ವ ಕಾಣಲ್ಲ. ಆಮೇಲೆ ‘ಸ್ಲೋ ಬ್ಲೂಸ್’ ಬಂತು. ಅದರಲ್ಲಿ ಹಾಡುಗಾರಿಕೆ ಇಲ್ಲ, ಬರೀ ವಾದ್ಯ. ಗಿಟಾರ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ, ಅಲ್ಲೇ ಸ್ವಲ್ಪ ನಡುಗಿ ನಿಂತಾಗ ಅಪ್ಪನ ಪೇಪರ್ ಮಡಿಲಿಗೆ ಇಳೀತು. ‘ಈ ಜಾರು ಚೆನ್ನಾಗಿದೆ. ಪಕ್ಕವಾದ್ಯದವನಾ ಇವನು?’

ನನಗೆ ಆಲ್ಬಂ ಅರ್ಥವಾಗಿದ್ದು ಆವಾಗ. ಪಿಟೀಲು ವಿದ್ವಾಂಸರು ಹಾಡುಗಾರರ ಹಿಂದೆ ಕೂತಾಗ ಏನು ಮಾಡ್ತಾರೆ? ಗಾಯಕ ಉಸಿರು ತಗೊಳ್ಳುವ ಜಾಗ ಹುಡುಕಿ ತುಂಬ್ತಾರೆ. ಟೇಲರ್ ಜಾಗರ್‌ಗೆ ಮಾಡ್ತಿದ್ದಿದ್ದೂ ಅದೇ. 1974ರ ‘ಟೈಮ್ ವೇಟ್ಸ್ ಫಾರ್ ನೋ ಒನ್’ ಕೇಳಿ. ಜಾಗರ್ ಸುಮ್ಮನಾದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಇವನದ್ದೇ ರಾಜ್ಯ. ಆದರೆ ಸ್ವಂತ ಕಛೇರಿ ಅಂದ್ರೆ ಬೇರೆ ಕಥೆ. ನಮ್ಮ ಚೌಡಯ್ಯನವರ ಥರ ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡು ಸಭೆಯನ್ನೇ ಹಿಡಿಯುವ ಗಟ್ಟಿತನ ಎಲ್ಲರಿಗೂ ಇರಲ್ಲ, ಅಲ್ವಾ? ಟೇಲರ್ ಸಂಕೋಚದ ಮನುಷ್ಯ. ಸ್ವಂತ ಆಲ್ಬಂನಲ್ಲೂ ಯಾರೋ ಗಾಯಕ ಬರಲಿ ಅಂತ ಪಕ್ಕಕ್ಕೆ ಸರಿದು ಕೂತ ಹಾಗೆ ಕೇಳಿಸುತ್ತೆ. ಆ ಗಾಯಕ ಬರೋದೇ ಇಲ್ಲ.

2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಾಗ ನನ್ನ ಹತ್ರ ಟಿಕೆಟ್‌ಗೆ ದುಡ್ಡಿರಲಿಲ್ಲ. ಹೊರಗೆ ಬೈಕ್ ನಿಲ್ಲಿಸಿ, ಮಳೆಯಲ್ಲಿ ನೆನೀತಾ ಕೇಳಿದೆ. ಟೇಲರ್ ಜಾಗದಲ್ಲಿ ರಾನ್ ವುಡ್ ಬಂದು ಆಗಲೇ ಎಷ್ಟೋ ವರ್ಷ. ವುಡ್ ಅಂದ್ರೆ ನನಗೆ ಇಷ್ಟವೇ, ಆದರೆ ಆ ಜಾರು ಅವನದ್ದಲ್ಲ.

ಹಾಗಾಗಿ ಕೇಳೋದಾದ್ರೆ ಮೊದಲಿಂದ ಬೇಡ. ‘ಸ್ಲೋ ಬ್ಲೂಸ್’ನಿಂದ ಶುರು ಮಾಡಿ. ಅಲ್ಲಿಂದ ನೇರ ಕೊನೆಯ ‘ಸ್ಪ್ಯಾನಿಷ್ / ಎ ಮೈನರ್’ಗೆ ಹೋಗಿ. ಅದರಲ್ಲೂ ಹಾಡುಗಾರಿಕೆ ಇಲ್ಲ, ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಆಮೇಲೆ ‘ಗಿಡ್ಡಿ-ಅಪ್’. ಅದರಲ್ಲಿ ಲಿಟಲ್ ಫೀಟ್ ಬ್ಯಾಂಡಿನ ಲೋವೆಲ್ ಜಾರ್ಜ್ ಬಂದು ಗಿಟಾರ್ ನುಡಿಸಿದ್ದಾನೆ, ಪಾಪ ಅದೇ ವರ್ಷ ತೀರಿಕೊಂಡ. ಉಳಿದ ಹಾಡುಗಳನ್ನು ಅಡುಗೆ ಮಾಡ್ತಾ ಕೇಳಿದ್ರೂ ನಷ್ಟವಿಲ್ಲ.

ಕಲಿಯೋದಕ್ಕೂ ‘ಸ್ಲೋ ಬ್ಲೂಸ್’ ಒಳ್ಳೇದು. ವೇಗ ಕಡಿಮೆ, ಬೆರಳು ಎಲ್ಲಿ ತಂತಿ ಎಳೀತಿದೆ ಅಂತ ಕಿವಿಗೆ ಸಿಗುತ್ತೆ. ನನ್ನ ಹಳೇ ಗಿವ್ಸನ್ ಗಿಟಾರ್ ಮೇಲೆ ಮೊದಲ ನಾಲ್ಕು ಸಾಲು ಹಿಡಿಯೋಕೆ ಎರಡು ತಿಂಗಳು ಬೇಕಾಯ್ತು, ತಂತಿ ಎರಡು ಹೋದವು.

ಎಲ್ಪಿಯೇ ಬೇಕು ಅಂದ್ರೆ ಭಾನುವಾರ ಬೆಳಗ್ಗೆ ಬೇಗ ಹೋಗಿ. ದುಡ್ಡು ಕೊಡೋಕೆ ಮುಂಚೆ ಕವರ್ ಒಳಗೆ ಕೈ ಹಾಕಿ ನೋಡಿ.