ಮೆಕ್ಸಿಕೋದ ಹಳ್ಳಿಯಲ್ಲಿ ಸ್ವಯಂಸೇವಕರಾಗಿ ಇದ್ದರೆ ಒಂದು ವಾರ ಹೇಗೆ ಕಳೆಯುತ್ತದೆ?

ಎರಡು ತಿಂಗಳು ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಇರುವ ಯೋಚನೆ ಇದೆ, ದಿನಕ್ಕೆ ಎಷ್ಟು ತಾಸು ಕೆಲಸ, ಊಟ ಹೇಗೆ, ಭಾಷೆ ಬರದಿದ್ದರೆ ಕಷ್ಟವಾ ಅಂತ ಕೇಳಿದ್ದೀರಿ. ನಾನು ವಹಾಕಾ ರಾಜ್ಯದ ಝಪೊಟೆಕ್ ಅನ್ನುವ ಮೂಲನಿವಾಸಿಗಳ ಒಂದು ಹಳ್ಳಿಯಲ್ಲಿ ಮಳೆಗಾಲದ ಎಂಟು ವಾರ ಇದ್ದೆ. (Oaxaca ಅನ್ನುವ ಇಂಗ್ಲಿಷ್ ಅಕ್ಷರ ನೋಡಿ, ಅಲ್ಲಿಗೆ ಹೋಗುವವರೆಗೂ ಓಕ್ಸಾಕಾ ಅಂತಲೇ ಅನ್ನುತ್ತಿದ್ದೆ. ಬಸ್ ಟಿಕೆಟ್ ಕೊಡುವವನಿಗೆ ಅರ್ಥವೇ ಆಗಲಿಲ್ಲ.) ಆಗಸ್ಟಿನ ಒಂದು ವಾರದ ಕತೆ ಹೇಳುತ್ತೇನೆ. ತಾಸಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೆ ನಾಲ್ಕು ತಾಸು ಕೆಲಸ ಆದರೆ ಅದು ಒಳ್ಳೆಯ ದಿನ. ಉಳಿದದ್ದೆಲ್ಲ ಕಾಯುವುದು, ತಿನ್ನುವುದು, ಮೋಡ ನೋಡುವುದು, ಯಾರದ್ದೋ ಅಂಗಳದಲ್ಲಿ ಸುಮ್ನೆ ಕೂರುವುದು.

ಬೆಳಗ್ಗೆ ಐದೂವರೆಗೆ ಗಿರಣಿ ಸದ್ದು ಶುರು. ನಾನಿದ್ದ ಮನೆಯ ಅಜ್ಜಿ ಹಿಂದಿನ ರಾತ್ರಿಯೇ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ಹಾಗೇ ಬಿಟ್ಟಿರುತ್ತಿದ್ದರು. ನಾವು ಎಲೆ ಅಡಿಕೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಬೆಳಗ್ಗೆ ತೊಳೆದರೆ ಕಾಳಿನ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬರುತ್ತದೆ, ಕೈಯೆಲ್ಲ ಲೋಳೆ. ಇದಕ್ಕೆ ನಿಶ್ತಮಾಲ್ ಅಂತಾರೆ. ಸುಣ್ಣ ಹಾಕದೆ ತಿಂದರೆ ಮೆಕ್ಕೆಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಯುರೋಪಿನವರು ಕಾಳನ್ನು ಮಾತ್ರ ಕೊಂಡುಹೋಗಿ ಸುಣ್ಣದ ವಿಷಯ ಅಲ್ಲೇ ಬಿಟ್ಟು ಹೋದರು. ಇಟಲಿ, ಸ್ಪೇನಿನಲ್ಲಿ ಅದನ್ನೇ ತಿಂದು ಬದುಕುತ್ತಿದ್ದ ಬಡವರಿಗೆ ಆ ಕೊರತೆಯಿಂದ ಪೆಲಾಗ್ರ ಕಾಯಿಲೆ ಬಂತು. ಅಜ್ಜಿಗೆ ನಯಾಸಿನ್ ಗೊತ್ತಿಲ್ಲ. ಸುಣ್ಣ ಕಮ್ಮಿಯಾದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ ಅನ್ನುವುದು ಗೊತ್ತು.

ಆ ಬಕೆಟ್ ಹೊತ್ತು ಗಿರಣಿಗೆ ಹೋಗುವುದು ನನ್ನ ಪಾಲಿನ ಕೆಲಸ. ನಮ್ಮ ಹಿಟ್ಟಿನ ಗಿರಣಿಯ ಹಾಗೆ ಒಣ ಹಿಟ್ಟು ಬರುವುದಿಲ್ಲ ಅಲ್ಲಿ. ಒದ್ದೆ ಕಾಳು ಸುರಿದರೆ ಬೆಚ್ಚಗಿನ ಮುದ್ದೆ ಹೊರಗೆ ಬರುತ್ತದೆ. ಸಾಲಿನಲ್ಲಿ ಎಲ್ಲರೂ ಹೆಂಗಸರು, ಗಂಡಸು ನಾನೊಬ್ಬ. ಮೊದಲ ದಿನ ನಕ್ಕರು. ಎರಡನೇ ದಿನ ಪಾಪ ಅಂತ ಜಾಗ ಬಿಟ್ಟರು. ಮೂರನೇ ದಿನ ಸಾಲು ತಪ್ಪಿಸಬೇಡ ಅಂತ ಬೈದರು. ಬೈಸಿಕೊಂಡ ದಿನ ನನಗೆ ಖುಷಿಯಾಯಿತು.

ನಾನು ರಾಣೆಬೆನ್ನೂರು ಕಡೆಯವನು. ನಾವು ಗೋವಿನಜೋಳ, ಅಂದರೆ ಇದೇ ಮೆಕ್ಕೆಜೋಳ, ಬೆಳೆಯುತ್ತೇವೆ, ತಿನ್ನುವುದಿಲ್ಲ. ಹಸಿ ತೆನೆ ಸುಟ್ಟು ತಿಂದರೆ ಅಷ್ಟೇ. ಬೀಜ ಪ್ರತಿ ವರ್ಷ ಅಂಗಡಿಯಿಂದ ತರುವುದು, ಬೆಳೆದದ್ದನ್ನು ಲಾರಿಗೆ ತುಂಬುವುದು. ಒಂದು ದಿನ ಅಜ್ಜಿ ಕೇಳಿದರು, "ನಿಮ್ಮ ಜೋಳ ಯಾವ ಬಣ್ಣ ಮಗಾ?" ಹಳದಿ ಅಂದೆ. "ಮತ್ತೆ?" ಮತ್ತೇನಿಲ್ಲ. ಅವರ ಮನೆಯ ಸೂರಿನ ಕೆಳಗೆ ಬಿಳಿ, ಹಳದಿ, ಕೆಂಪು, ಕಪ್ಪು ಅನ್ನಿಸುವಷ್ಟು ನೀಲಿ, ಹೀಗೆ ನಾಲ್ಕು ಬಗೆಯ ಬೀಜದ ತೆನೆ ತೂಗುಹಾಕಿತ್ತು. "ಹಾಗಾದರೆ ಯಾರು ತಿಂತಾರೆ?" "ಕೋಳಿ ತಿಂತಾವೆ" ಅಂದೆ. ಆಮೇಲೆ ನನ್ನನ್ನು ಯಾರಿಗೆ ಪರಿಚಯ ಮಾಡಿಕೊಟ್ಟರೂ ಇದೇ ಮಾತು: "ಇವನ ಊರಲ್ಲಿ ಹೊಲ ತುಂಬ ಜೋಳ ಬೆಳೆದು ಕೋಳಿಗೆ ಹಾಕ್ತಾರಂತೆ."

ಇನ್ನು ಕೆಲಸ. ನಮ್ಮ ತಂಡದ್ದು ಹೊಗೆ ಕಮ್ಮಿ ಮಾಡುವ ಮಣ್ಣಿನ ಒಲೆ ಕಟ್ಟುವ ಕೆಲಸ. ಇದಕ್ಕೆ ಲೊರೇನಾ ಒಲೆ ಅಂತ ಹೆಸರು. ಹುಡುಗಿಯ ಹೆಸರಲ್ಲ ಅದು, ಸ್ಪಾನಿಷ್‌ನಲ್ಲಿ ಲೋದೊ ಅಂದರೆ ಕೆಸರು, ಅರೇನಾ ಅಂದರೆ ಮರಳು. 1976ರ ಭೂಕಂಪದ ನಂತರ ಗ್ವಾಟೆಮಾಲಾದಲ್ಲಿ ಇದು ಹುಟ್ಟಿಕೊಂಡಿತು. ನಮ್ಮ ಕಡೆಯವರಿಗೆ ಅಸ್ತ್ರ ಒಲೆ ನೆನಪಿರಬೇಕು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದು. ಹೆಚ್ಚು ಕಮ್ಮಿ ಅದರ ದೂರದ ತಂಗಿ ಅಂದುಕೊಳ್ಳಿ.

ಸೋಮವಾರ ಮಣ್ಣು ತುಳಿಯುವುದು. ಜೇಡಿಮಣ್ಣು, ಮರಳು, ಕುದುರೆ ಲದ್ದಿ. ಮೇಲೆ ಪಾಪಾಸುಕಳ್ಳಿಯನ್ನು ಹೆಚ್ಚಿ ನೆನೆಹಾಕಿದ ಲೋಳೆ ನೀರು. ಆ ಲೋಳೆ ಮಣ್ಣನ್ನು ಹಿಡಿದಿಡುತ್ತದೆ. ಮುಳ್ಳು ಪೂರ್ತಿ ಹೋಗಿದೆಯಾ ಅಂತ ನೋಡದೆ ತುಳಿಯಲು ಇಳಿದವನು ನಾನೊಬ್ಬನೇ. ಮಂಗಳವಾರ ಒಲೆ ಏರಿಸಿದೆವು. ಬುಧವಾರ ಬೆಳಗ್ಗೆ ನೋಡಿದರೆ ಎಡಗಡೆ ಉದ್ದಕ್ಕೆ ಬಿರುಕು. ಜೇಡಿಮಣ್ಣು ಜಾಸ್ತಿ ಹಾಕಿದ್ದೆ, ಮರಳು ಸಾಲಲಿಲ್ಲ. ತಪ್ಪು ನನ್ನದೇ.

ಆದರೆ ಅದಕ್ಕಿಂತ ದೊಡ್ಡ ತಪ್ಪು ತಂಡದ ನಕ್ಷೆಯಲ್ಲೇ ಇತ್ತು. ಅಲ್ಲಿ ರೊಟ್ಟಿ ಸುಡುವ ಮಣ್ಣಿನ ಕಾವಲಿಗೆ ಕೊಮಾಲ್ ಅಂತಾರೆ. ಈ ಭಾಗದ ರೊಟ್ಟಿ ದೊಡ್ಡದು, ಹಾಗಾಗಿ ಕೊಮಾಲೂ ದೊಡ್ಡದು. ಎತ್ತಬೇಕಾದರೆ ಎರಡೂ ಕೈ ಅಗಲ ಚಾಚಬೇಕು. ನಕ್ಷೆಯಲ್ಲಿದ್ದ ಒಲೆಯ ಬಾಯಿ ಪಟ್ಟಣದ ತವಾದ ಅಳತೆಯದು. ಅಜ್ಜಿ ಒಂದು ಮಾತೂ ಆಡಲಿಲ್ಲ. ಕೊಮಾಲನ್ನು ತಂದು ಒಲೆಯ ಮೇಲಿಟ್ಟರು. ನಾಲ್ಕೂ ಕಡೆ ಗೇಣುಗೇಣು ಹೊರಗೆ ಚಾಚಿಕೊಂಡಿತು. ಮಧ್ಯದಲ್ಲಿ ಸುಡುತ್ತದೆ, ಅಂಚು ಹಸಿಯೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ಊರಿನಲ್ಲಿ ಅದೇ ನಕ್ಷೆಯ ಮೂರು ಒಲೆ ಆಗಿಬಿಟ್ಟಿದ್ದವು. ಮೂರೂ ಮನೆಯವರು ಅದರ ಮೇಲೆ ಪಾತ್ರೆ ಒಣಗಲು ಇಟ್ಟುಕೊಂಡು ಹಳೆಯ ಮೂರು ಕಲ್ಲಿನ ಒಲೆಯಲ್ಲೇ ರೊಟ್ಟಿ ಸುಡುತ್ತಿದ್ದರು. ಬಂದವರ ಮನಸ್ಸು ನೋಯಬಾರದು ಅಂತ ಯಾರೂ ಹೇಳಿರಲಿಲ್ಲ. ನೀವು ಯಾವ ಕೆಲಸಕ್ಕೆ ಹೋದರೂ ಇದೊಂದು ನೆನಪಿಡಿ: ಅಲ್ಲಿಯವರು ತಲೆಯಾಡಿಸಿದರೆ ಒಪ್ಪಿದರು ಅಂತ ಅಲ್ಲ. ಗುರುವಾರ ನಾವು ಒಡೆದು ಮತ್ತೆ ಶುರು ಮಾಡಿದೆವು. ಈ ಸಲ ಅಳತೆ ಕೊಟ್ಟದ್ದು ಅಜ್ಜಿ. ಹಗ್ಗದಲ್ಲಿ.

ಮಧ್ಯಾಹ್ನ ಎರಡರಿಂದ ನಾಲ್ಕು ಏನೂ ನಡೆಯುವುದಿಲ್ಲ. ಸಂಜೆ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವರು ನನಗೆ ಝಪೊಟೆಕ್ ಕಲಿಸುತ್ತಿದ್ದರು. ಅದರಲ್ಲಿ ದನಿ ಏರಿಳಿದರೆ ಅರ್ಥವೇ ಬದಲಾಗುತ್ತದೆ. ನಾನು ಏನು ಹೇಳಿದರೂ ನಗು. ಭಾಷೆಯ ವಿಷಯದಲ್ಲಿ ನಿಮಗೆ ಹೇಳುವುದಾದರೆ, ಸ್ಪಾನಿಷ್ ಸ್ವಲ್ಪ ಕಲಿತೇ ಹೋಗಿ. ಆದರೆ ಅಜ್ಜಿಯಂಥವರಿಗೂ ಅದು ಎರಡನೇ ಭಾಷೆ, ಹಾಗಾಗಿ ಇಬ್ಬರೂ ನಿಧಾನ ಮಾತಾಡುತ್ತೀರಿ, ಅದು ಅನುಕೂಲ. "ಅಓರಿತಾ" ಅನ್ನುವ ಪದ ಮಾತ್ರ ನಂಬಬೇಡಿ. ಈಗಲೇ ಅಂತ ಅರ್ಥ. ನಮ್ಮವರು "ಬಂದೆ, ದಾರೀಲಿದೀನಿ" ಅಂತಾರಲ್ಲ, ಹಾಗೆ.

ಊರಿನ ಸುದ್ದಿಯೆಲ್ಲ ಮೈಕಿನಲ್ಲಿ ಬರುತ್ತದೆ. ಗ್ಯಾಸ್ ಬಂದಿದೆ, ಇಂಥವರ ಮನೆಯಲ್ಲಿ ಹಂದಿ ಕಡಿದಿದ್ದಾರೆ, ಯಾರದ್ದೋ ಕತ್ತೆ ಸಿಕ್ಕಿದೆ. ಆ ವಾರ ಮಳೆ ಇರಲಿಲ್ಲ. ಜುಲೈ, ಆಗಸ್ಟಿನಲ್ಲಿ ಮಳೆ ನಡುವೆ ಕೈಕೊಡುವ ದಿನಗಳಿಗೆ ಅವರು ಕನೀಕುಲಾ ಅಂತಾರೆ. ಎಲ್ಲರೂ ಮೋಡ ನೋಡುವವರೇ. ಹೊಲದಲ್ಲಿ ಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿ, ಬುಡದಲ್ಲಿ ಕುಂಬಳ ಹರಡಿತ್ತು. ಮಿಲ್ಪಾ ಅಂದರೆ ಇದೇ. ಕಳೆ ಕೀಳಲು ಹೋದವನು ಅರ್ಧ ಕಳೆಯನ್ನು ಬಿಡಬೇಕಾಯಿತು, ಯಾಕೆಂದರೆ ಅದು ಸೊಪ್ಪು. ದಂಟಿನ ಸೊಪ್ಪು, ಗೋಣಿ ಸೊಪ್ಪು ಎಲ್ಲ ಅಲ್ಲೇ ಇದ್ದವು.

ಊಟಕ್ಕೆ ಬೆಳಗ್ಗೆ ರೊಟ್ಟಿ, ಕಪ್ಪು ಬೀನ್ಸ್. ಮಧ್ಯಾಹ್ನ ಬೀನ್ಸ್, ರೊಟ್ಟಿ. ರಾತ್ರಿ ಏನು ಅಂತ ನೀವೇ ಊಹಿಸಿ. ಬೇಜಾರಾಗಲಿಲ್ಲ, ಜೊತೆಗೆ ಸೊಪ್ಪು, ಮೊಟ್ಟೆ, ಕಳ್ಳಿಯ ಪಲ್ಯ, ಅರೆದ ಚಟ್ನಿ ಇರುತ್ತಿತ್ತು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಮಾಂಸ ಬೇಡ ಅಂದರೆ ಕೋಳಿ ಬಡಿಸುತ್ತಾರೆ, ಹಬ್ಬದ ಅಡುಗೆಯಲ್ಲಿ ಹಂದಿ ಕೊಬ್ಬು ಎಲ್ಲೆಲ್ಲೋ ಇರುತ್ತದೆ. ಮುಂಚೆಯೇ ಬಿಡಿಸಿ ಹೇಳಿ.

ನಾನು ಊರಿಂದ ಬ್ಯಾಡಗಿ ಮೆಣಸಿನಪುಡಿ ಕಟ್ಟಿಕೊಂಡು ಹೋಗಿದ್ದೆ. ಮೆಣಸಿನಕಾಯಿಯ ತವರಿಗೆ ಮೆಣಸಿನಪುಡಿ! ಅಜ್ಜಿ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡರು, ಇನ್ನೊಂದು ಚಿಟಿಕೆ ಅಂಗೈ ಮೇಲೆ ಉಜ್ಜಿ ಬೆಳಕಿಗೆ ಹಿಡಿದರು. "ಬಣ್ಣ ಚೆನ್ನಾಗಿದೆ, ಕಚ್ಚೋದಿಲ್ಲ. ವಹಿಯೊ ತರ" ಅಂದರು. ವಹಿಯೊ ಅವರ ಒಣಮೆಣಸಿನಕಾಯಿ, ನಿಜಕ್ಕೂ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ನಮ್ಮ ಅವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಲ್ಲಿ ಬೆಳಗ್ಗೆ ಏಳು ಅಂದರೆ ನಮ್ಮಲ್ಲಿ ಸಂಜೆ ಆರೂವರೆ. "ಹಂಗಾದ್ರೆ ಅಕಿಗೆ ಗೊತ್ತೈತಿ" ಅಂದಳು ಅವ್ವ, ಅಲ್ಲಿಯವರೆಗೂ ಅನುಮಾನ ಇತ್ತೇನೋ.

ಭಾನುವಾರ ತ್ಲಾಕೊಲುಲಾ ಸಂತೆ. ಹೆದ್ದಾರಿಯವರೆಗೆ ಆಟೊದಲ್ಲಿ. ಮುಂದುಗಡೆ ಬಜಾಜ್ ಅಂತ ಬರೆದಿರುತ್ತದೆ. ನಮ್ಮ ದೇಶದ್ದು ಅಂದರೆ ಡ್ರೈವರ್ ನಂಬಲಿಲ್ಲ. ಸಂತೆಯಲ್ಲಿ ಸೀತಾಫಲದ ಜಾತಿಯ ಹಣ್ಣು, ಸುಣ್ಣದ ಗಟ್ಟಿ, ಹುರಿದ ಮಿಡತೆ, ಹಗ್ಗ ಕಟ್ಟಿದ ಟರ್ಕಿ ಕೋಳಿ. ಅದರ ಬಗ್ಗೆ ಬರೆಯಲು ಹೋದರೆ ಇನ್ನೊಂದು ಉತ್ತರ ಬೇಕು.

ಶನಿವಾರದ್ದು ಹೇಳಲೇಬೇಕು. ಶುಕ್ರವಾರ ರಾತ್ರಿ ಮೈಕಿನಲ್ಲಿ ಕೂಗಿದರು: ನಾಳೆ ತೆಕಿಯೊ. ಮನೆಗೊಬ್ಬರು ಬಂದು ಊರಿನ ಕೆಲಸ ಮಾಡಬೇಕು, ಕೂಲಿ ಇಲ್ಲ. ಬರದಿದ್ದರೆ ದಂಡ, ಇಲ್ಲವೇ ಬದಲಿ ಆಳು ಕಳಿಸಬೇಕು. ವಹಾಕಾದಲ್ಲಿ 570 ಮುನ್ಸಿಪಾಲಿಟಿಗಳಿವೆ, ಅದರಲ್ಲಿ 400ಕ್ಕೂ ಹೆಚ್ಚು ಕಡೆ ಪಕ್ಷಗಳ ಚುನಾವಣೆ ಇಲ್ಲ. ಊರ ಸಭೆಯೇ ತಮ್ಮ ಪದ್ಧತಿಯಂತೆ ಮುಖಂಡರನ್ನು ಆರಿಸುತ್ತದೆ, 1995ರಿಂದ ರಾಜ್ಯದ ಕಾನೂನೇ ಇದನ್ನು ಒಪ್ಪಿದೆ. ಸರದಿ ಬಂದರೆ ಸಂಬಳವಿಲ್ಲದೆ ಹುದ್ದೆ ಮಾಡಬೇಕು. ಲಾಸ್ ಏಂಜಲೀಸ್‌ನಲ್ಲಿ ಹೋಟೆಲ್ ಕೆಲಸ ಮಾಡುವವನೂ ಇದಕ್ಕಾಗಿ ರಜೆ ಹಾಕಿ ಬಂದಿದ್ದನ್ನು ನೋಡಿದೆ.

ಅವತ್ತು ಕೆಲಸ ನೀರಿನ ಕಾಲುವೆಯ ಹೂಳು ಎತ್ತುವುದು. ನನಗೂ ಒಂದು ಸಲಿಕೆ ಕೊಟ್ಟರು. ಬಿಡುವಿನಲ್ಲಿ ಒಬ್ಬರು ಹಿರಿಯರು ಕೇಳಿದರು, "ನಿನ್ನ ಊರಲ್ಲಿ ತೆಕಿಯೊ ಇದೆಯಾ?" ಹಿಂದೆ ಕೆರೆ ಹೂಳು ಹೀಗೇ ಎತ್ತುತ್ತಿದ್ದರಂತೆ, ಮುಯ್ಯಾಳು ಅಂತ ಹೊಲದ ಕೆಲಸಕ್ಕೂ ಹೋಗುತ್ತಿದ್ದರು ಅಂದೆ. "ಈಗ ನೀನು ಇಲ್ಲಿದ್ದೀಯಲ್ಲ, ಅಲ್ಲಿ ನಿನ್ನ ಪಾಳಿ ಯಾರು ಮಾಡ್ತಾರೆ?" ಚುಚ್ಚಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ನಾನು ಸಲಿಕೆ ಎತ್ತಿಕೊಂಡೆ.

ಸಂಜೆ ಅಜ್ಜಿಯ ಮನೆ ತುಂಬ ಜನ. ಮರುವಾರ ಮೊಮ್ಮಗನ ಜ್ಞಾನಸ್ನಾನ. ಬಂದವರೆಲ್ಲ ಏನಾದರೂ ತಂದರು: ಮೊಟ್ಟೆ, ಕೋಕೋ ಬೀಜ, ಬಿಯರ್ ಕೇಸು, ಜೀವಂತ ಟರ್ಕಿ. ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಮ್ಮ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಹಾಗೇ. ಅವರು ಗೆಲಗೆತ್ಸಾ ಅಂತಾರೆ. ಜುಲೈನಲ್ಲಿ ಪ್ರವಾಸಿಗರು ನೋಡಲು ಬರುವ ಕುಣಿತದ ಹಬ್ಬಕ್ಕೂ ಇದೇ ಹೆಸರು, ಆದರೆ ಮೂಲ ಈ ನೋಟ್‌ಬುಕ್ಕಿನಲ್ಲಿದೆ. ನಾನು ಅಂಗಡಿಗೆ ಹೋಗಿ ಎರಡು ಕಿಲೊ ಸಕ್ಕರೆ ತಂದುಕೊಟ್ಟೆ. ಉಡುಗೊರೆ, ಬರೆಯುವುದು ಬೇಡ ಅಂದೆ. ಅಜ್ಜಿ ಕೇಳಲಿಲ್ಲ. "ಇಂಡಿಯಾದ ಹುಡುಗ, ಸಕ್ಕರೆ, 2 ಕಿಲೊ" ಅಂತ ಬರೆಸಿದರು. ಒಂದು ಗೆರೆ ಎಳೆಸಿದರು.

"ನಿನ್ನ ಮದುವೆ ಯಾವಾಗ?" ಅಂತ ಆಮೇಲೆ ಕೇಳಿದರು. ಸುಮ್ನೆ ಕುತೂಹಲ ಅಂದುಕೊಂಡೆ. ಎರಡು ಕಿಲೊ ಸಕ್ಕರೆ ಯಾವಾಗ ವಾಪಸ್ ಕೊಡಬೇಕು ಅನ್ನುವ ಲೆಕ್ಕ ಅದು.